ತಿಳಿನೀರೆಲ್ಲ ಒಳ್ಳೆಯ ನೀರಲ್ಲ: ಆಕ್ಸೊಲಾಟಲ್ ತೊಟ್ಟಿಯ ಮೂಲಕ ನೈಟ್ರೋಜನ್ ಚಕ್ರದ ಬೋಧನೆ

ವಿಷಯ: ವಿಜ್ಞಾನ
ತರಗತಿ: 9
ಬೋಧನಾಂಶ: ನೈಟ್ರೋಜನ್ ಚಕ್ರ (8ನೆಯ ತರಗತಿಯ ಕಲಿಕೆಯ ವಿಸ್ತರಣೆ)
ಅವಧಿ: ತಲಾ 40 ನಿಮಿಷಗಳ ಎರಡು ಅವಧಿಗಳು
ವಿಧಾನ: 5ಇ ಮಾದರಿ
ಬೋಧನೋಪಕರಣಗಳು: ಎರಡು ಬೀಕರ್, ದುರ್ಬಲ ಅಮೋನಿಯಂ ಹೈಡ್ರಾಕ್ಸೈಡ್ ದ್ರಾವಣ, ಫಿನಾಲ್ಫ್ತಲೀನ್, ಹನಿ ಹಾಕುವ ಡ್ರಾಪರ್, ದತ್ತಾಂಶ ಪಟ್ಟಿಯ ಚಾರ್ಟ್, ನಕ್ಷೆ ಹಾಳೆ, ನೈಟ್ರೇಟ್ ಅಳೆಯುವ ಪಟ್ಟಿಗಳು

1. ಈ ವಿಷಯವನ್ನು ಆರಿಸಿಕೊಂಡ ಕಾರಣ

ನೈಟ್ರೋಜನ್ ಚಕ್ರದ ಚಿತ್ರವನ್ನು ಮಕ್ಕಳು 8ನೆಯ ತರಗತಿಯಲ್ಲೇ ಬರೆದಿರುತ್ತಾರೆ. ಬಾಣದ ಗುರುತು, ಬ್ಯಾಕ್ಟೀರಿಯದ ಹೆಸರು, ಬೇಳೆಕಾಳು ಗಿಡದ ಬೇರಿನ ಗಂಟು ಎಲ್ಲವೂ ಅವರ ನೋಟ್ಸ್‌ನಲ್ಲಿ ಇರುತ್ತವೆ. ಆದರೆ ಆ ಚಿತ್ರದಲ್ಲಿ ಎರಡು ಸಂಗತಿಗಳು ಕಾಣುವುದಿಲ್ಲ. ಒಂದು ಕಾಲ, ಇನ್ನೊಂದು ಪ್ರಮಾಣ. ಅಮೋನಿಯಾ ನೈಟ್ರೇಟ್ ಆಗುವುದಕ್ಕೆ ಎಷ್ಟು ದಿನ ಬೇಕು, ಎಷ್ಟು ಅಮೋನಿಯಾದಿಂದ ಎಷ್ಟು ನೈಟ್ರೇಟ್ ಬರುತ್ತದೆ ಎಂಬ ಪ್ರಶ್ನೆ ಚಿತ್ರ ನೋಡಿದವರಿಗೆ ಹುಟ್ಟುವುದೇ ಇಲ್ಲ. ಹೊಲದ ಮಣ್ಣಿನಲ್ಲಿ ಇದನ್ನು ತೋರಿಸುವುದು ಕಷ್ಟ. ಗಾಜಿನ ತೊಟ್ಟಿಯಲ್ಲಿ ಸುಲಭ, ಏಕೆಂದರೆ ಅಲ್ಲಿ ಇಡೀ ಚಕ್ರದ ಒಂದು ಭಾಗ ಕೆಲವೇ ಲೀಟರ್ ನೀರಿನಲ್ಲಿ, ನಾಲ್ಕೈದು ವಾರಗಳಲ್ಲಿ ನಡೆದುಹೋಗುತ್ತದೆ.

ತೊಟ್ಟಿಗೆ ಪ್ರಾಣಿಯಾಗಿ ಆಕ್ಸೊಲಾಟಲನ್ನು ಆರಿಸಿದ್ದು ಮಕ್ಕಳೇ. ಬೋಧನಾಭ್ಯಾಸದ ಮೊದಲ ವಾರದಲ್ಲಿ ಉಭಯವಾಸಿಗಳ ಹೆಸರು ಹೇಳಿ ಎಂದಾಗ ಕಪ್ಪೆ, ನೆಲಗಪ್ಪೆಗಳ ಜೊತೆಗೆ ಹಿಂದಿನ ಬೆಂಚಿನಿಂದ ಈ ಹೆಸರೂ ಬಂತು. 2021ರಲ್ಲಿ ಮೈನ್‌ಕ್ರಾಫ್ಟ್ ಆಟಕ್ಕೆ ಈ ಪ್ರಾಣಿ ಸೇರಿತು. ಮೊಬೈಲಿನಲ್ಲಿ ಆ ಆಟ ಆಡುವ ಹುಡುಗರಿಗೆ ಅದರ ಗುಲಾಬಿ ಮೈ, ಕುತ್ತಿಗೆಯ ಎರಡೂ ಬದಿಗೆ ಗರಿಯಂತೆ ಚಾಚಿದ ಕಿವಿರು ಚೆನ್ನಾಗಿ ಗೊತ್ತು. "ಮೇಡಂ, ಅದನ್ನ ನಮ್ಮ ಲ್ಯಾಬಲ್ಲಿ ಸಾಕೋಣ" ಎಂಬ ಬೇಡಿಕೆಯೂ ಬಂತು. ಸಾಕಬಹುದೇ ಎಂದು ತೀರ್ಮಾನಿಸಲು ಮೊದಲು ನೀರಿನ ಬಗ್ಗೆ ತಿಳಿಯಬೇಕು ಎಂದು ಹೇಳಿ ಈ ಪಾಠವನ್ನು ಯೋಜಿಸಿದೆ.

2. ಶಿಕ್ಷಕರಿಗೆ ಹಿನ್ನೆಲೆ ಮಾಹಿತಿ

ಆಕ್ಸೊಲಾಟಲ್‌ನ ವೈಜ್ಞಾನಿಕ ಹೆಸರು ಆಂಬಿಸ್ಟೋಮ ಮೆಕ್ಸಿಕಾನಮ್. ಇದರ ತವರು ಮೆಕ್ಸಿಕೊ ನಗರದ ಪಕ್ಕದ ಸೊಚಿಮಿಲ್ಕೊ ಮತ್ತು ಚಾಲ್ಕೊ ಸರೋವರಗಳು. ಚಾಲ್ಕೊ ಬತ್ತಿಸಲ್ಪಟ್ಟಿದೆ. ಸೊಚಿಮಿಲ್ಕೊದಲ್ಲಿ ಈಗ ಉಳಿದಿರುವುದು ಕಾಲುವೆಗಳ ಜಾಲ ಮತ್ತು ಚಿನಾಂಪ ಎಂಬ ಹಳೆಯ ಕಾಲದ ನೀರ್ದಂಡೆ ಹೊಲಗಳು. ಈ ಕಣಿವೆ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಅಲ್ಲಿನ ನೀರು ತಂಪು. ಈ ಒಂದು ಭೌಗೋಳಿಕ ಸಂಗತಿ ಮುಂದೆ ಬರುವ ಎಲ್ಲ ಲೆಕ್ಕಗಳಿಗೂ ಆಧಾರ.

ಕಪ್ಪೆಯ ಗೊದಮೊಟ್ಟೆ ರೂಪಪರಿವರ್ತನೆ ಹೊಂದಿ ದಡಕ್ಕೆ ಬರುತ್ತದೆ. ಆಕ್ಸೊಲಾಟಲ್ ಸಾಮಾನ್ಯವಾಗಿ ಹಾಗೆ ಬರುವುದಿಲ್ಲ. ಡಿಂಭದ ಕಿವಿರನ್ನು ಉಳಿಸಿಕೊಂಡೇ ಪ್ರೌಢವಾಗಿ, ಮೊಟ್ಟೆಯಿಟ್ಟು, ಜೀವನವಿಡೀ ನೀರಿನಲ್ಲೇ ಇರುತ್ತದೆ. ಅದರ ಚರ್ಮ ತೆಳು, ಕಿವಿರು ಮೈಯ ಹೊರಗೆ ತೆರೆದುಕೊಂಡಿದೆ. ನೀರು ಕೆಟ್ಟರೆ ಕಪ್ಪೆಗೆ ದಡವಿದೆ. ಇದಕ್ಕೆ ಹೋಗಲು ಬೇರೆ ಜಾಗವಿಲ್ಲ. ನೀರಿನ ರಸಾಯನಶಾಸ್ತ್ರವನ್ನು ಕಲಿಸಲು ಇದಕ್ಕಿಂತ ಹೊಂದುವ ಪ್ರಾಣಿ ಸಿಗುವುದು ಕಷ್ಟ.

ಸಾಕುವವರು ಕಾಪಾಡಿಕೊಳ್ಳಬೇಕಾದ ಅಳತೆಗಳು ಹೀಗಿವೆ:

ಉಷ್ಣತೆ: 16ರಿಂದ 18 ಡಿಗ್ರಿ ಸೆಲ್ಸಿಯಸ್ ಉತ್ತಮ. 20ರವರೆಗೆ ನಡೆಯುತ್ತದೆ. 24 ದಾಟಿದರೆ ಅಪಾಯ.
ಪಿಎಚ್: 6.5ರಿಂದ 8. ಉತ್ತಮ ಮಟ್ಟ 7.4ರಿಂದ 7.6.
ಅಮೋನಿಯಾ: ಸೊನ್ನೆ.
ನೈಟ್ರೈಟ್: ಸೊನ್ನೆ.
ನೈಟ್ರೇಟ್: ಲೀಟರಿಗೆ 20 ಮಿಲಿಗ್ರಾಂ ಒಳಗೆ ಇದ್ದರೆ ಒಳ್ಳೆಯದು. 40 ಮೀರಬಾರದು.
ಗಡಸುತನ: ಲೀಟರಿಗೆ ಸುಮಾರು 125ರಿಂದ 250 ಮಿಲಿಗ್ರಾಂ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ.
ಕ್ಲೋರಿನ್: ಸೊನ್ನೆ.

ಬೆಳೆದ ಒಂದು ಪ್ರಾಣಿಗೆ 75ರಿಂದ 100 ಲೀಟರ್ ನೀರಾದರೂ ಬೇಕು. ಇದು ಎರೆಹುಳುವಿನಂಥ ಪ್ರೋಟೀನ್ ತುಂಬಿದ ಆಹಾರ ತಿನ್ನುವುದರಿಂದ ಹೆಚ್ಚು ಅಮೋನಿಯಾ ಹೊರಹಾಕುತ್ತದೆ. ಅಷ್ಟೇ ಅಮೋನಿಯಾ 10 ಲೀಟರ್ ನೀರಿಗೆ ಬಿದ್ದರೆ ಅದರ ಸಾಂದ್ರತೆ 100 ಲೀಟರ್ ತೊಟ್ಟಿಯ ಹತ್ತು ಪಟ್ಟು ಆಗುತ್ತದೆ. ಚಿಕ್ಕ ತೊಟ್ಟಿ ಸುಲಭ ಎಂಬ ಭಾವನೆ ಇಲ್ಲಿ ತಲೆಕೆಳಗಾಗುತ್ತದೆ.

3. ಕಲಿಕಾ ಫಲಗಳು

ಪಾಠದ ನಂತರ ವಿದ್ಯಾರ್ಥಿಯು,
ಅ) ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲಿಯೂ ಹಾನಿಕರ ವಸ್ತು ಕರಗಿರಬಹುದು ಎಂಬುದನ್ನು ಉದಾಹರಣೆಯೊಂದಿಗೆ ವಿವರಿಸುವನು/ಳು.
ಆ) ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಬದಲಾವಣೆಯ ಕ್ರಮವನ್ನು ನಕ್ಷೆಯಿಂದ ಓದಿ ಹೇಳುವನು/ಳು.
ಇ) ನೀರು ಬದಲಿಸಿದಾಗ ನೈಟ್ರೇಟ್ ಎಷ್ಟು ಇಳಿಯುತ್ತದೆ ಎಂಬುದನ್ನು ಲೆಕ್ಕ ಮಾಡುವನು/ಳು.
ಈ) ತನ್ನ ಮನೆಯ ನೀರಿಗೆ ಈ ತಿಳಿವಳಿಕೆಯನ್ನು ಅನ್ವಯಿಸುವನು/ಳು.

4. ತೊಡಗಿಸಿಕೊಳ್ಳುವುದು

ಮೇಜಿನ ಮೇಲೆ ನೀರು ತುಂಬಿದ ಎರಡು ಬೀಕರ್ ಇಟ್ಟೆ. ಒಂದು ಬರೀ ನೀರು. ಇನ್ನೊಂದಕ್ಕೆ ತರಗತಿಗೆ ಬರುವ ಮೊದಲೇ ದುರ್ಬಲ ಅಮೋನಿಯಂ ಹೈಡ್ರಾಕ್ಸೈಡಿನ ಕೆಲವು ಹನಿ ಸೇರಿಸಿದ್ದೆ. ಯಾವುದರಲ್ಲಿ ಪ್ರಾಣಿಯನ್ನು ಬಿಡುತ್ತೀರಿ ಎಂದು ಕೇಳಿದೆ. ಮಕ್ಕಳು ಹತ್ತಿರ ಬಂದು ಬೆಳಕಿಗೆ ಹಿಡಿದು ನೋಡಿದರು. "ಎರಡೂ ಒಂದೇ ಥರ ಅವೆ ಮೇಡಂ" ಎಂದರು. ಎರಡಕ್ಕೂ ಎರಡೆರಡು ಹನಿ ಫಿನಾಲ್ಫ್ತಲೀನ್ ಹಾಕಿದೆ. ಒಂದು ಹಾಗೇ ಉಳಿಯಿತು. ಇನ್ನೊಂದು ಗುಲಾಬಿ ಬಣ್ಣಕ್ಕೆ ತಿರುಗಿತು.

ಈ ಪ್ರಾತ್ಯಕ್ಷಿಕೆ ಮಾಡುವವರು ಒಂದು ಮಾತನ್ನು ಮಕ್ಕಳಿಗೆ ಸ್ಪಷ್ಟಪಡಿಸಬೇಕು. ಫಿನಾಲ್ಫ್ತಲೀನ್ ತೋರಿಸುವುದು ದ್ರಾವಣದ ಪ್ರತ್ಯಾಮ್ಲೀಯ ಗುಣವನ್ನು. ಅದೂ ಪಿಎಚ್ ಸುಮಾರು 8.2 ದಾಟಿದ ಮೇಲೆ. ತೊಟ್ಟಿಯಲ್ಲಿ ಲೀಟರಿಗೆ ಒಂದೆರಡು ಮಿಲಿಗ್ರಾಂ ಇರುವ ಅಮೋನಿಯಾವನ್ನು ಅದು ಹಿಡಿಯುವುದಿಲ್ಲ. ಅದಕ್ಕೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಬೇರೆ ಪರೀಕ್ಷಾ ಕಿಟ್ ಬೇಕು. ಇಲ್ಲಿ ತೋರಿಸಬೇಕಾದದ್ದು ಇಷ್ಟೇ: ಕಣ್ಣು ಅಳತೆಯ ಸಾಧನವಲ್ಲ.

ಆಗ ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ನಮ್ಮನೇಲಿ ಗೋಲ್ಡ್ ಫಿಶ್ ಇದ್ವು. ಗಲೀಜಾಗಬಾರದು ಅಂತ ಪ್ರತಿ ಭಾನುವಾರ ಎಲ್ಲ ನೀರು ಚೆಲ್ಲಿ, ಕಲ್ಲು, ಸ್ಪಂಜು ಎಲ್ಲ ನಲ್ಲಿ ಕೆಳಗೆ ತೊಳೀತಿದ್ವಿ. ನೀರು ಕನ್ನಡಿ ಹಂಗಿತ್ತು. ಆದ್ರೂ ಎಲ್ಲ ಸತ್ವು." ಅವಳ ಧ್ವನಿಯಲ್ಲಿ ದುಃಖ ಇತ್ತು. ಮನೆಯಲ್ಲಿ ಅಜ್ಜಿ, ಮೀನಿಗೆ ದೃಷ್ಟಿ ಆಯಿತು ಎಂದರಂತೆ. ಅವಳ ಪ್ರಶ್ನೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದೆ: ತೊಳೆದಷ್ಟೂ ಮೀನು ಏಕೆ ಸತ್ತವು? ಎರಡು ಅವಧಿ ಮುಗಿಯುವವರೆಗೆ ಅದನ್ನು ಅಳಿಸಲಿಲ್ಲ.

5. ಅನ್ವೇಷಣೆ

ಪ್ರಾಣಿ ಇಲ್ಲದ ಹೊಸ ತೊಟ್ಟಿಗೆ ಮೊದಲ ದಿನ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಹಾಕಿದರೆ ಮುಂದೆ ಏನಾಗುತ್ತದೆ ಎಂಬುದರ ಮಾದರಿ ಪಟ್ಟಿಯನ್ನು ಚಾರ್ಟಿನಲ್ಲಿ ಕೊಟ್ಟೆ. ಇದು ಅಭ್ಯಾಸಕ್ಕಾಗಿ ನಾನು ಲೆಕ್ಕ ಹಾಕಿ ರಚಿಸಿದ ಪಟ್ಟಿ, ಪ್ರಯೋಗದ ದಾಖಲೆಯಲ್ಲ ಎಂದು ಮಕ್ಕಳಿಗೂ ಹೇಳಿದೆ. ಎಲ್ಲ ಅಂಕಿಗಳೂ ಲೀಟರಿಗೆ ಮಿಲಿಗ್ರಾಂಗಳಲ್ಲಿವೆ.

ದಿನ 1: ಅಮೋನಿಯಾ 2.0, ನೈಟ್ರೈಟ್ 0, ನೈಟ್ರೇಟ್ 0
ದಿನ 8: ಅಮೋನಿಯಾ 1.8, ನೈಟ್ರೈಟ್ 0.5, ನೈಟ್ರೇಟ್ 0
ದಿನ 15: ಅಮೋನಿಯಾ 1.0, ನೈಟ್ರೈಟ್ 2.5, ನೈಟ್ರೇಟ್ 0.3
ದಿನ 22: ಅಮೋನಿಯಾ 0, ನೈಟ್ರೈಟ್ 4.0, ನೈಟ್ರೇಟ್ 1.9
ದಿನ 29: ಅಮೋನಿಯಾ 0, ನೈಟ್ರೈಟ್ 2.0, ನೈಟ್ರೇಟ್ 4.6
ದಿನ 36: ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 7.3

ಐದು ಐದು ಮಕ್ಕಳ ಗುಂಪು ಮಾಡಿ, ಒಂದೇ ನಕ್ಷೆ ಹಾಳೆಯಲ್ಲಿ ಮೂರು ರೇಖೆ ಎಳೆಯಲು ಹೇಳಿದೆ. ಪ್ರಶ್ನೆ ಒಂದೇ: ಪ್ರಾಣಿಯನ್ನು ಯಾವ ದಿನ ತೊಟ್ಟಿಗೆ ಬಿಡುತ್ತೀರಿ?

ಹೆಚ್ಚಿನ ಗುಂಪುಗಳು 22ನೆಯ ದಿನ ಎಂದವು. ವಿಷ ಎಂದರೆ ಅಮೋನಿಯಾ, ಅದು ಸೊನ್ನೆಯಾಯಿತು, ಆದ್ದರಿಂದ ಬಿಡಬಹುದು ಎಂಬುದು ಅವರ ತರ್ಕ. ಒಂದು ಗುಂಪು ಮಾತ್ರ ರೇಖೆ ಎಳೆದ ಮೇಲೆ ನಿಧಾನಿಸಿತು. "ಒಂದು ಇಳಿದಾಗ ಇನ್ನೊಂದು ಬೆಟ್ಟದ ತುದೀಲಿದೆ ಮೇಡಂ" ಎಂದು ನೈಟ್ರೈಟ್ ರೇಖೆಯನ್ನು ತೋರಿಸಿತು. ಬೆಟ್ಟ ಎಂಬ ಪದವನ್ನೇ ಮುಂದೆ ಇಡೀ ತರಗತಿ ಬಳಸಿತು. ಬಾಣದ ಚಿತ್ರದಲ್ಲಿ ನೈಟ್ರೈಟ್ ಒಂದು ಸಣ್ಣ ನಿಲ್ದಾಣ. ನಕ್ಷೆಯಲ್ಲಿ ಅದು ಎರಡು ವಾರ ನಿಲ್ಲುವ ಅಪಾಯ.

6. ವಿವರಣೆ

ಮೊದಲ ಬೆಟ್ಟ, ಅಮೋನಿಯಾ. ನೀರಿನಲ್ಲಿ ಇದು ಎರಡು ರೂಪದಲ್ಲಿರುತ್ತದೆ: ಅಮೋನಿಯಾ ಅಣು ಮತ್ತು ಅಮೋನಿಯಂ ಅಯಾನ್. ಕಿವಿರು ಹಾಗೂ ಚರ್ಮದ ಮೂಲಕ ಸುಲಭವಾಗಿ ಒಳಹೋಗಿ ಹೆಚ್ಚು ಹಾನಿ ಮಾಡುವುದು ಅಣುರೂಪ. ಪರೀಕ್ಷಾ ಕಿಟ್ ಸಾಮಾನ್ಯವಾಗಿ ಎರಡನ್ನೂ ಕೂಡಿಸಿ ತೋರಿಸುತ್ತದೆ. 20 ಡಿಗ್ರಿ ಉಷ್ಣತೆಯಲ್ಲಿ ಸಾವಿರ ಪಾಲಿನಲ್ಲಿ ಅಣುರೂಪ ಎಷ್ಟಿರುತ್ತದೆ ನೋಡಿ: ಪಿಎಚ್ 7ರಲ್ಲಿ ಸುಮಾರು 4 ಪಾಲು, ಪಿಎಚ್ 8ರಲ್ಲಿ ಸುಮಾರು 38, ಪಿಎಚ್ 9ರಲ್ಲಿ ಸುಮಾರು 284. ಉಷ್ಣತೆ ಏರಿದರೂ ಇದು ಹೆಚ್ಚುತ್ತದೆ. ಪಿಎಚ್ 8 ಇದ್ದಾಗ 20 ಡಿಗ್ರಿಯಲ್ಲಿ 38 ಪಾಲು ಇದ್ದದ್ದು 30 ಡಿಗ್ರಿಯಲ್ಲಿ ಸುಮಾರು 75 ಆಗುತ್ತದೆ. ಎಂದರೆ ಒಂದೇ ಅಂಕಿ ತೋರಿಸುವ ಎರಡು ತೊಟ್ಟಿಗಳಲ್ಲಿ ಒಂದು ತಾಳುವಂತಿದ್ದು ಇನ್ನೊಂದು ಕೊಲ್ಲುವಂತಿರಬಹುದು.

ಎರಡನೆಯ ಬೆಟ್ಟ, ನೈಟ್ರೈಟ್. ಇದು ರಕ್ತ ಸೇರಿ ಹಿಮೋಗ್ಲೋಬಿನ್ನನ್ನು ಮೆಥೆಮೋಗ್ಲೋಬಿನ್ ಆಗಿ ಬದಲಿಸುತ್ತದೆ. ಹೀಗೆ ಬದಲಾದ ಹಿಮೋಗ್ಲೋಬಿನ್ ಆಕ್ಸಿಜನ್ ಹೊರುವುದಿಲ್ಲ. ನೀರಿನಲ್ಲಿ ಆಕ್ಸಿಜನ್ ಇದ್ದರೂ ಪ್ರಾಣಿ ಉಸಿರುಗಟ್ಟುತ್ತದೆ.

ಈ ಬದಲಾವಣೆಗಳನ್ನು ಮಾಡುವವರು ಯಾರು? ಅಮೋನಿಯಾವನ್ನು ನೈಟ್ರೈಟ್ ಮಾಡುವುದು ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯ. ನೈಟ್ರೈಟನ್ನು ನೈಟ್ರೇಟ್ ಮಾಡುವುದು ನೈಟ್ರೊಸ್ಪೈರ, ನೈಟ್ರೊಬ್ಯಾಕ್ಟರ್‌ಗಳು. ಇವುಗಳಿಗೆ ಶಕ್ತಿ ಸಿಗುವುದು ಈ ರಾಸಾಯನಿಕ ಕ್ರಿಯೆಯಿಂದಲೇ. ಬೆಳಕಿಲ್ಲದೆ, ಸಾವಯವ ಆಹಾರವಿಲ್ಲದೆ ಹೀಗೆ ಬದುಕುವ ಜೀವಿಗಳಿವೆ ಎಂದು ಸೆರ್ಗೇಯ್ ವಿನೊಗ್ರಾಡ್ಸ್‌ಕಿ 1890ರ ಸುಮಾರಿಗೆ ತೋರಿಸಿದರು. ಈ ಬ್ಯಾಕ್ಟೀರಿಯಗಳು ನಿಧಾನವಾಗಿ ಬೆಳೆಯುತ್ತವೆ. ತಂಪು ನೀರಿನಲ್ಲಿ ಇನ್ನೂ ನಿಧಾನ. ಅವು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಂಜು, ಕಲ್ಲು, ಗಾಜಿನ ಮೇಲೆ ಅಂಟಿಕೊಂಡಿರುತ್ತವೆ.

ಇಷ್ಟು ಹೇಳಿ ಕಪ್ಪುಹಲಗೆಯ ಮೂಲೆಯ ಪ್ರಶ್ನೆಯನ್ನು ತೋರಿಸಿದೆ. ನಾನು ಉತ್ತರ ಹೇಳಬೇಕಾಗಲಿಲ್ಲ. ಮೀನು ಸಾಕಿದ್ದ ಹುಡುಗಿಯೇ, "ಸ್ಪಂಜಲ್ಲಿ ಇದ್ದವನ್ನ ನಾವೇ ತೊಳೆದು ಹಾಕಿಬಿಡ್ತಿದ್ವಾ?" ಎಂದಳು. ನಲ್ಲಿ ನೀರಿನಲ್ಲಿ ರೋಗಾಣು ಕೊಲ್ಲಲು ಕ್ಲೋರಿನ್ ಉಳಿಸಿರುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ಅದಕ್ಕೆ ಯಾವ ಬ್ಯಾಕ್ಟೀರಿಯ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಭೇದವಿಲ್ಲ. ಪ್ರತಿ ಭಾನುವಾರ ಆ ತೊಟ್ಟಿ ಒಂದನೆಯ ದಿನಕ್ಕೆ ಮರಳುತ್ತಿತ್ತು. ಮೀನುಗಳು ಮೊದಲ ಬೆಟ್ಟವನ್ನು ದಾಟಲೇ ಇಲ್ಲ. ಮನೆಯವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ ಎಂಬುದನ್ನೂ ಅವಳಿಗೆ ಹೇಳಿದೆ.

ಸರಿಯಾದ ಕ್ರಮ ಹೀಗೆ: ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರು ಮಾತ್ರ ತೆಗೆಯಬೇಕು. ತೆಗೆದ ಅದೇ ತೊಟ್ಟಿನೀರಿನಲ್ಲಿ ಸ್ಪಂಜನ್ನು ಮೆಲ್ಲಗೆ ಹಿಂಡಬೇಕು. ಹೊಸ ನೀರಿನ ಕ್ಲೋರಿನ್ ತೆಗೆದು, ಉಷ್ಣತೆ ಹೊಂದಿಸಿ ಹಾಕಬೇಕು. ಬರೀ ಕ್ಲೋರಿನ್ ಆದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟು ಗಾಳಿಯಾಡಿಸಿದರೆ ಬಹುಪಾಲು ಹೋಗುತ್ತದೆ. ಕ್ಲೋರಮಿನ್ ಹಾಗೆ ಹೋಗುವುದಿಲ್ಲ. ಅಂಗಡಿಯ ಆಂಟಿ ಕ್ಲೋರಿನ್ ಹನಿಗಳಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್.

ಒಬ್ಬ ವಿದ್ಯಾರ್ಥಿ ಪಟ್ಟಿಯನ್ನೇ ನೋಡುತ್ತಿದ್ದವನು, "ಹಾಕಿದ್ದು 2, ಕೊನೆಗೆ 7.3 ಹೆಂಗೆ ಬಂತು?" ಎಂದು ಕೇಳಿದ. ರಾಶಿ ಸಂರಕ್ಷಣೆಯ ನಿಯಮ ಕಲಿತ ತರಗತಿಯಲ್ಲಿ ಬರಬೇಕಾದ ಪ್ರಶ್ನೆಯೇ ಇದು. ಅಮೋನಿಯಾದ ಅಣುರಾಶಿ 17, ನೈಟ್ರೈಟಿನದು 46, ನೈಟ್ರೇಟಿನದು 62. ನೈಟ್ರೋಜನ್ ಪರಮಾಣು ಅದೇ. ಅದಕ್ಕೆ ಸೇರಿದ್ದು ಆಕ್ಸಿಜನ್. 2ನ್ನು 62ರಿಂದ ಗುಣಿಸಿ 17ರಿಂದ ಭಾಗಿಸಿದರೆ 7.3. ಆ ಆಕ್ಸಿಜನ್ ಬಂದದ್ದು ತೊಟ್ಟಿಯ ನೀರಿನಿಂದ ಎಂದಾಗ, ತೊಟ್ಟಿಗೆ ಗಾಳಿ ಗುಳ್ಳೆ ಬಿಡುವುದು ಪ್ರಾಣಿಗೆ ಮಾತ್ರವಲ್ಲ, ಬ್ಯಾಕ್ಟೀರಿಯಕ್ಕೂ ಬೇಕು ಎಂಬುದು ತಾನಾಗಿ ಸ್ಪಷ್ಟವಾಯಿತು. ಇದೇ ಕ್ರಿಯೆಯಲ್ಲಿ ಆಮ್ಲವೂ ಹುಟ್ಟುತ್ತದೆ. ಅಮೋನಿಯಾದಲ್ಲಿರುವ ಪ್ರತಿ 1 ಮಿಲಿಗ್ರಾಂ ನೈಟ್ರೋಜನ್‌ಗೆ ನೀರಿನ ಕಾರ್ಬೊನೇಟ್ ಕ್ಷಾರೀಯತೆ ಸುಮಾರು 7 ಮಿಲಿಗ್ರಾಂ ಕರಗಿಹೋಗುತ್ತದೆ. ಬಹಳ ದಿನ ನೀರು ಬದಲಿಸದಿದ್ದರೆ ಪಿಎಚ್ ಒಮ್ಮೆಲೆ ಕುಸಿಯುವುದು ಈ ಕಾರಣಕ್ಕೆ.

36ನೆಯ ದಿನ ಬಂದರೂ ತಕ್ಷಣ ಪ್ರಾಣಿ ಬಿಡುವಂತಿಲ್ಲ. ಮತ್ತೆ 2 ಮಿಲಿಗ್ರಾಂ ಅಮೋನಿಯಾ ಹಾಕಿ, 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗುತ್ತವೆಯೇ ಎಂದು ನೋಡಬೇಕು. ನಿಜದ ತೊಟ್ಟಿಯಲ್ಲಿ ನಡುವೆಯೂ ಅಮೋನಿಯಾ ಮುಗಿದಂತೆ ಮತ್ತೆ ಹಾಕುತ್ತಿರಬೇಕು; ಇಲ್ಲದಿದ್ದರೆ ಬ್ಯಾಕ್ಟೀರಿಯಗಳಿಗೆ ಆಹಾರವಿರುವುದಿಲ್ಲ.

7. ವಿಸ್ತರಣೆ: ತೊಟ್ಟಿಯಿಂದ ಕೊಳವೆಬಾವಿಗೆ

ಎರಡನೆಯ ಅವಧಿಯನ್ನು ನೈಟ್ರೇಟ್‌ಗೆ ಮೀಸಲಿಟ್ಟೆ. ಫಿಲ್ಟರ್ ಸಿದ್ಧವಾದ ತೊಟ್ಟಿಯಲ್ಲಿ ಕೊನೆಗೆ ಉಳಿಯುವುದು ಇದೇ. ಇದನ್ನು ಇಳಿಸಲು ಮುಖ್ಯ ದಾರಿ ನೀರು ಬದಲಿಸುವುದು. ವಾರಕ್ಕೆ 10 ಮಿಲಿಗ್ರಾಂ ಏರುವ ತೊಟ್ಟಿಯಲ್ಲಿ ಪ್ರತಿ ವಾರ ಕಾಲು ಭಾಗ ನೀರು ಬದಲಿಸಿದರೆ ಏನಾಗುತ್ತದೆ ಎಂದು ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿಸಿದೆ. 10 ಇದ್ದದ್ದು 7.5, ಮತ್ತೆ 17.5, ಬದಲಿಸಿದಾಗ 13.1, ಮತ್ತೆ 23.1. ಹೀಗೆ ಏರುತ್ತಾ 40ರ ಹತ್ತಿರ ನಿಲ್ಲುತ್ತದೆ. ಅರ್ಧ ಭಾಗ ಬದಲಿಸಿದರೆ 20ರ ಹತ್ತಿರ ನಿಲ್ಲುತ್ತದೆ. ವಾರದ ಏರಿಕೆಯನ್ನು ಬದಲಿಸಿದ ಭಾಗದಿಂದ ಭಾಗಿಸಿದರೆ ನಿಲ್ಲುವ ಅಂಕಿ ಸಿಗುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಂಡರು.

ಈ ಲೆಕ್ಕದಲ್ಲಿ ಹೊಸ ನೀರಿನ ನೈಟ್ರೇಟ್ ಸೊನ್ನೆ ಎಂದು ಭಾವಿಸಿದ್ದೇವೆ. ಹಾಗಿರುತ್ತದೆಯೇ? ಕರ್ನಾಟಕದ ಹಲವು ಜಿಲ್ಲೆಗಳ ಅಂತರ್ಜಲದಲ್ಲಿ ನೈಟ್ರೇಟ್ ಮಿತಿ ಮೀರಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳು ದಾಖಲಿಸಿವೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹೊಲಕ್ಕೆ ಹಾಕಿದ ಯೂರಿಯಾ, ತಿಪ್ಪೆ, ಶೌಚದ ಗುಂಡಿಗಳಿಂದ ಅದೇ ಬ್ಯಾಕ್ಟೀರಿಯಗಳು ಅದೇ ಕ್ರಮದಲ್ಲಿ ನೈಟ್ರೇಟ್ ಮಾಡುತ್ತವೆ. ಅದು ನೀರಿನಲ್ಲಿ ಸುಲಭವಾಗಿ ಕರಗಿ ಕೆಳಗಿಳಿಯುತ್ತದೆ. ಅಂಥ ನೀರಿನಿಂದ ತೊಟ್ಟಿಯ ನೀರನ್ನು ಎಷ್ಟು ಬದಲಿಸಿದರೂ ನೈಟ್ರೇಟ್ ಆ ಮಟ್ಟಕ್ಕಿಂತ ಕೆಳಗೆ ಬರುವುದಿಲ್ಲ.

ಮಕ್ಕಳು ಮನೆಯಿಂದ ಬಾಟಲಿಯಲ್ಲಿ ತಂದಿದ್ದ ನೀರಿನಲ್ಲಿ ಪರೀಕ್ಷಾ ಪಟ್ಟಿ ಅದ್ದಿ ನೋಡಿದೆವು. ಕೆಲವು ಮಸುಕು ಗುಲಾಬಿ. ಎರಡು ಮನೆಗಳ ಕೊಳವೆಬಾವಿ ನೀರಿನಲ್ಲಿ ಪಟ್ಟಿ ಗಾಢವಾಯಿತು. ಎಲ್ಲ ಬಾಟಲಿಗಳ ನೀರೂ ಒಂದೇ ರೀತಿ ತಿಳಿಯಾಗಿತ್ತು. ಆ ಎರಡರಲ್ಲಿ ಒಂದು ಬಾಟಲಿಯ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಮೇಡಂ, ಅಕ್ಕನ ಪಾಪು ನಮ್ಮನೇಲೇ ಇದೆ. ಮೂರು ತಿಂಗಳು. ಪುಡಿ ಹಾಲು ಕಲಸೋದು ಈ ನೀರಲ್ಲೇ. ಕಾಯಿಸಿಯೇ ಕೊಡ್ತಾರೆ, ಪರವಾಗಿಲ್ಲ ಅಲ್ವಾ?"

ಇಲ್ಲಿ ಶಿಕ್ಷಕರಿಗೆ ಉತ್ತರ ಖಚಿತವಾಗಿ ಗೊತ್ತಿರಬೇಕು. ಕಾಯಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆರು ತಿಂಗಳೊಳಗಿನ ಮಗುವಿನ ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗಬಲ್ಲದು. ಆಗ ರಕ್ತದಲ್ಲಿ ನಡೆಯುವುದು ತೊಟ್ಟಿಯ ಪ್ರಾಣಿಯಲ್ಲಿ ನಡೆಯುವ ಅದೇ ಕ್ರಿಯೆ. ಮಗುವಿನ ಮೈ ನೀಲಿಗಟ್ಟುತ್ತದೆ. ಪಟ್ಟಿಯ ಬಣ್ಣ ಒಂದು ಸೂಚನೆ ಮಾತ್ರ, ತೀರ್ಪಲ್ಲ. ಆದರೂ ಸರಿಯಾದ ಪರೀಕ್ಷೆ ಆಗುವವರೆಗೆ ಮಗುವಿನ ಹಾಲಿಗೆ ಆ ನೀರು ಬೇಡ, ಇಂದೇ ಮನೆಯಲ್ಲಿ ಹೇಳು, ಆಶಾ ಕಾರ್ಯಕರ್ತೆಯನ್ನೂ ಕೇಳಿ ಎಂದು ಅವನಿಗೆ ಹೇಳಿದೆ. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕರು ಅವಧಿ ಮುಗಿದ ಮೇಲೆ ಹುಡುಗನ ತಂದೆಗೆ ಫೋನ್ ಮಾಡಿದರು. ಜಲಜೀವನ ಮಿಷನ್ ಅಡಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ಕ್ಷೇತ್ರ ಪರೀಕ್ಷಾ ಕಿಟ್‌ನಲ್ಲಿ ನೈಟ್ರೇಟ್ ಪರೀಕ್ಷೆಯೂ ಇದೆ ಎಂಬುದನ್ನು ಇಡೀ ತರಗತಿಗೆ ತಿಳಿಸಿದರು. ಮರುದಿನ ಹುಡುಗ, ಪಾಪುವಿನ ಹಾಲಿಗೆ ಶುದ್ಧ ನೀರಿನ ಘಟಕದ ಕ್ಯಾನ್ ತರುತ್ತಿದ್ದೇವೆ ಎಂದ.

ಆ ಘಟಕಗಳಲ್ಲಿ ಬಳಸುವ ಆರ್‌ಒ ವಿಧಾನ ನೈಟ್ರೇಟನ್ನು ಬಹುಮಟ್ಟಿಗೆ ತೆಗೆಯುತ್ತದೆ. ಹಾಗಾದರೆ ಆಕ್ಸೊಲಾಟಲ್‌ಗೂ ಅದೇ ನೀರು ಸಾಕಲ್ಲ ಎಂದು ಕೆಲವರು ಕೇಳಿದರು. ಸಾಲದು. ಆರ್‌ಒ ಲವಣಗಳನ್ನೂ ತೆಗೆಯುತ್ತದೆ. ಈ ಪ್ರಾಣಿಗೆ ಗಡಸು ನೀರು ಬೇಕು. ಕೊಳವೆಬಾವಿ ನೀರನ್ನೂ ಆರ್‌ಒ ನೀರನ್ನೂ ಬೆರೆಸಬಹುದು. ಲೀಟರಿಗೆ 60 ಮಿಲಿಗ್ರಾಂ ನೈಟ್ರೇಟ್ ಇರುವ ನೀರಿಗೆ ನೈಟ್ರೇಟ್ ಇಲ್ಲದ ನೀರನ್ನು ಸಮಪಾಲು ಬೆರೆಸಿದರೆ 30, ಒಂದಕ್ಕೆ ಮೂರು ಪಾಲು ಬೆರೆಸಿದರೆ 15. ಗಡಸುತನವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಅದನ್ನೂ ನೋಡಿಕೊಳ್ಳಬೇಕು.

8. ತೀರ್ಮಾನ: ಸಾಕಬಹುದೇ?

ಕೊನೆಯ ಹತ್ತು ನಿಮಿಷ ಚರ್ಚೆಗೆ ಕೊಟ್ಟೆ. ನೈಟ್ರೋಜನ್ ಚಕ್ರವನ್ನು ನಿಭಾಯಿಸಬಹುದು ಎಂದು ಮಕ್ಕಳಿಗೆ ಧೈರ್ಯ ಬಂದಿತ್ತು. ಅಡ್ಡಿಯಾದದ್ದು ಉಷ್ಣತೆ. ನಮ್ಮ ಬಯಲುಸೀಮೆಯ ಪ್ರಯೋಗಾಲಯದಲ್ಲಿ ಬೇಸಿಗೆಯಲ್ಲಿ ನೀರು 30 ಡಿಗ್ರಿಗೆ ಬರುತ್ತದೆ. 16 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9.9 ಮಿಲಿಗ್ರಾಂ ಆಕ್ಸಿಜನ್ ಕರಗಬಲ್ಲದು, 30 ಡಿಗ್ರಿಯಲ್ಲಿ ಸುಮಾರು 7.6 ಮಾತ್ರ. ಅದೇ ವೇಳೆ ಅಮೋನಿಯಾದ ವಿಷವೂ ಏರುತ್ತದೆ.

ಮಕ್ಕಳ ಸಲಹೆಗಳು ಚೆನ್ನಾಗಿದ್ದವು. ಮಣ್ಣಿನ ಬಾನಿಯಲ್ಲಿ ಇಡೋಣ ಎಂದರು. ಆವಿಯಾಗುವಿಕೆ ಕೆಲವು ಡಿಗ್ರಿ ಇಳಿಸುತ್ತದೆ, ಆದರೆ ನೀರು ಹೋಗಿ ಲವಣ ಉಳಿಯುತ್ತದೆ; ಬಾನಿಯ ಹೊರಮೈಗೆ ಕಟ್ಟುವ ಬಿಳಿ ಪದರವೇ ಅದಕ್ಕೆ ಸಾಕ್ಷಿ. ಐಸ್ ಹಾಕೋಣ ಎಂದರು. ಹಠಾತ್ ಏರಿಳಿತ ಪ್ರಾಣಿಗೆ ಒಳ್ಳೆಯದಲ್ಲ, ರಜೆಯಲ್ಲಿ ಐಸ್ ಹಾಕುವವರೂ ಇಲ್ಲ. ಉಳಿದದ್ದು ವಿದ್ಯುತ್ ಶೀತಕ ಯಂತ್ರ. ಕರೆಂಟ್ ಹೋದರೆ ಎಂದು ಒಬ್ಬಳು ಕೇಳಿದಳು. ಇದರ ಜೊತೆಗೆ ಕಾನೂನಿನ ಮಾತನ್ನೂ ತಿಳಿಸಿದೆ. ಆಕ್ಸೊಲಾಟಲ್ ಸೈಟಿಸ್ ಒಪ್ಪಂದದ 2ನೆಯ ಅನುಬಂಧದಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ನಂತರ ಇಂಥ ಜೀವಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು.

ಅದರ ತವರಿನ ಸ್ಥಿತಿಯನ್ನೂ ಹೇಳಿದೆ. ಸೊಚಿಮಿಲ್ಕೊದಲ್ಲಿ 1998ರ ಎಣಿಕೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದ ಆಕ್ಸೊಲಾಟಲ್‌ಗಳು 2014ರ ಹೊತ್ತಿಗೆ ಸುಮಾರು 36ಕ್ಕೆ ಇಳಿದಿದ್ದವು. ನಗರದ ಕೊಳಚೆಯಿಂದ ಕೆಟ್ಟ ನೀರು ಮತ್ತು ಹೊರಗಿನಿಂದ ತಂದು ಬಿಟ್ಟ ಟಿಲಾಪಿಯ, ಕಾರ್ಪ್ ಮೀನುಗಳು ಮುಖ್ಯ ಕಾರಣ. ಮನೆ ತೊಟ್ಟಿಗಳಲ್ಲಿ, ಪ್ರಯೋಗಾಲಯಗಳಲ್ಲಿ ಸಾವಿರಾರು ಇರುವ ಪ್ರಾಣಿ ತನ್ನ ಸ್ವಂತ ನೀರಿನಲ್ಲಿ ಅಳಿವಿನ ಅಂಚಿನಲ್ಲಿದೆ.

ಕೈ ಎತ್ತಿಸಿ ಕೇಳಿದಾಗ ಹೆಚ್ಚಿನವರು ಬೇಡ ಎಂದರು. ಬದಲಿಗೆ ಪ್ರಾಣಿಯಿಲ್ಲದ ತೊಟ್ಟಿಯೊಂದನ್ನು ಇಟ್ಟು, ಚಿಟಿಕೆ ಮೀನಿನ ಆಹಾರ ಕೊಳೆಯಲು ಬಿಟ್ಟು, ಮೂರೂ ಬೆಟ್ಟಗಳನ್ನು ನಿಜವಾಗಿ ಅಳೆಯೋಣ ಎಂದು ಒಂದು ಗುಂಪು ಸೂಚಿಸಿತು. ವಿಜ್ಞಾನ ಸಂಘದ ಚಟುವಟಿಕೆಯಾಗಿ ಅದನ್ನು ಮಾರ್ಗದರ್ಶಕ ಶಿಕ್ಷಕರು ಒಪ್ಪಿಕೊಂಡರು.

9. ಮೌಲ್ಯಮಾಪನ

ಅ) 22ನೆಯ ದಿನ ಅಮೋನಿಯಾ ಸೊನ್ನೆ ಇದ್ದರೂ ಪ್ರಾಣಿಯನ್ನು ಬಿಡಬಾರದು. ಏಕೆ?
ಆ) ಒಂದು ತೊಟ್ಟಿಯ ಪಿಎಚ್ 7, ಇನ್ನೊಂದರದು 8. ಉಷ್ಣತೆಯೂ ಒಟ್ಟು ಅಮೋನಿಯಾವೂ ಸಮ. ಯಾವುದು ಹೆಚ್ಚು ಅಪಾಯಕಾರಿ?
ಇ) ನೈಟ್ರೇಟ್ 48 ಇರುವ ತೊಟ್ಟಿಯಲ್ಲಿ ಕಾಲು ಭಾಗ ನೀರನ್ನು ನೈಟ್ರೇಟ್ ಇಲ್ಲದ ನೀರಿನಿಂದ ಬದಲಿಸಿದರೆ ಎಷ್ಟಾಗುತ್ತದೆ? ಹೊಸ ನೀರಿನಲ್ಲೇ 20 ಇದ್ದರೆ?
ಈ) ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಿನಲ್ಲಿ ಏಕೆ ತೊಳೆಯಬಾರದು?
ಉ) ನೈಟ್ರೇಟ್ ಹೆಚ್ಚಿರುವ ನೀರನ್ನು ಕಾಯಿಸಿದರೆ ಏನಾಗುತ್ತದೆ?

ಮೂರನೆಯ ಪ್ರಶ್ನೆಯ ಉತ್ತರಗಳು 36 ಮತ್ತು 41. ಎರಡನೆಯ ಭಾಗವನ್ನು ಬಿಡಿಸುವಾಗ ಮಕ್ಕಳು ಹೊಸ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ಗಮನಿಸಬೇಕು. ಪಾಠ ತಲುಪಿದೆಯೇ ಎಂದು ಅಲ್ಲಿ ತಿಳಿಯುತ್ತದೆ.

10. ಪ್ರಶಿಕ್ಷಣಾರ್ಥಿ ಮಿತ್ರರಿಗೆ

ಈ ಪಾಠವನ್ನು ಮಾಡಲು ತೊಟ್ಟಿಯಾಗಲಿ, ಪ್ರಾಣಿಯಾಗಲಿ ಬೇಕಿಲ್ಲ. ಎರಡು ಬೀಕರ್, ಒಂದು ಪಟ್ಟಿ, ನಕ್ಷೆ ಹಾಳೆ ಸಾಕು. ಮನೆಯ ನೀರನ್ನು ತರಗತಿಗೆ ತರಿಸುವುದಾದರೆ ಮಾತ್ರ ಮೊದಲೇ ಮೂರು ಸಿದ್ಧತೆ ಇರಲಿ: ನಿಮ್ಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆ ಮಾಡುವವರು ಯಾರು ಎಂದು ವಿಚಾರಿಸಿಡಿ, ಮಾರ್ಗದರ್ಶಕ ಶಿಕ್ಷಕರಿಗೆ ತಿಳಿಸಿ, ಯಾರ ಮನೆಯ ನೀರು ಎಂದು ಎಲ್ಲರೆದುರು ಓದದೆ ಬಾಟಲಿಗೆ ಸಂಖ್ಯೆ ಹಾಕಿ. ಪಟ್ಟಿಯ ಬಣ್ಣ ಗಾಢವಾದ ಮೇಲೆ ಅದು ಪಾಠವಷ್ಟೇ ಆಗಿ ಉಳಿಯುವುದಿಲ್ಲ. ಮಗು ಅದನ್ನು ಮನೆಗೆ ಒಯ್ಯುತ್ತದೆ, ಮನೆಯವರು ಮುಂದೇನು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೈಯಲ್ಲಿಟ್ಟುಕೊಂಡೇ ಪರೀಕ್ಷೆ ಮಾಡಿಸುವುದು ಒಳ್ಳೆಯದು.